ಏಳರ ಬಡಿತ

ಹಾಡು ಮೂರನೆಯ ಸಾಲು ಮುಟ್ಟುವಷ್ಟರಲ್ಲಿ ದೊಡ್ಡಪ್ಪ ಕೈಯೆತ್ತಿ ನಿಲ್ಲಿಸಿಬಿಟ್ಟರು.

"ಯಾಕಮ್ಮ ಹಿಂಗೆ ಓಡ್ತಿದ್ದೀಯ? ಹಿಂದೆ ನಾಯಿ ಏನಾದ್ರೂ ಬಿದ್ದಿದೆಯಾ?"

ತಗಡಕ್ಕ ಎತ್ತಿದ ಕೋಲನ್ನು ಹಾಗೇ ತಡೆದಳು. ಟೈಲರ್ ಪಿಟೀಲನ್ನು ಗದ್ದದಿಂದ ಇಳಿಸಿ, ಸಿಕ್ಕಿದ್ದೇ ಬಿಡುವು ಎಂದು ಕತ್ತಿನ ಬೆವರು ಒರೆಸಿಕೊಂಡ. ಅವನ ಅಂಗಡಿಯ ಜಗಲಿಯ ಮುಂದೆ ಮಗುಚಿದ ಬಕೆಟ್ಟುಗಳ ಮೇಲೆ, ಮನೆಯಿಂದ ತಂದ ಚಾಪೆ ಸ್ಟೂಲುಗಳ ಮೇಲೆ ಕೂತಿದ್ದ ಮೂವತ್ತು ನಲವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾನುವಾರ ಮಧ್ಯಾಹ್ನ ಟೈಲರ್ ಅಂಗಡಿಗೆ ರಜೆ. ಆಗ ಆ ಜಗಲಿ ಇವರದು. ಬಾಡಿಗೆಯಿಲ್ಲ, ಟಿಕೆಟ್ಟಿಲ್ಲ. ಆರು ದಿನ ಡಬ್ಬಿ ಕಾರ್ಖಾನೆಗೆ ಕೊಟ್ಟ ಮೈಯನ್ನು ಏಳನೆಯ ದಿನ ಮೂರು ಗಂಟೆ ಹೊತ್ತು ವಾಪಸು ಪಡೆಯುವ ಜಾಗ ಅದು. ಟೈಲರ್ ಪಿಟೀಲು ಕುಯ್ಯುತ್ತಿದ್ದ. ದೊಡ್ಡಪ್ಪ ತಾವೇ ಕಟ್ಟಿದ ಹಾಡುಗಳನ್ನು ಹಾಡುತ್ತಿದ್ದರು. ಅವರ ತಮ್ಮನ ಮಗಳು ದೊಡ್ಡ ತಗಡಿನ ಡಬ್ಬವೊಂದನ್ನು ಮಂಡಿಗಳ ನಡುವೆ ಇಟ್ಟುಕೊಂಡು ಬಾರಿಸುತ್ತಿದ್ದಳು. ತಗಡಕ್ಕ ಎಂಬ ಹೆಸರು ಬಂದದ್ದೇ ಅದರಿಂದ.

ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಏಳನೇ ನಂಬರಿನ ಪ್ರೆಸ್ಸು ಮೂವತ್ತೊಂದು ವರ್ಷ ದೊಡ್ಡಪ್ಪನದಾಗಿತ್ತು. ಹೋದ ವರ್ಷ ನಿವೃತ್ತರಾಗುವಾಗ ಅದನ್ನು ಅವಳಿಗೆ ಕಲಿಸಿಕೊಟ್ಟಿದ್ದರು. ಅವರ ಹಾಡುಗಳೆಲ್ಲ ಅದರ ಬಡಿತಕ್ಕೇ ಕಟ್ಟಿದವು. ಹಾಗಾಗಿ ಯಾವ ಹಾಡೇ ಇರಲಿ, ಮೊದಲು ಅವಳು ಡಬ್ಬದ ಮೇಲೆ ನಾಲ್ಕು ಪೆಟ್ಟು ಹಾಕಬೇಕು. ಅದು ಏಳರ ಬಡಿತ. ಉಳಿದವರು ಅದನ್ನು ಹಿಡಿದು ಹತ್ತುತ್ತಿದ್ದರು.

"ನಾನು ಓಡ್ತಿಲ್ಲ ದೊಡ್ಡಪ್ಪ. ಏಳರ ಬಡಿತಾನೇ ಹಾಕ್ದೆ."

"ನನಗೇ ಹೇಳ್ಕೊಡ್ತೀಯಾ? ನಾಲಿಗೆ ಹೊರಳೋಕೆ ಜಾಗ ಇಲ್ಲ. ಒಂದು ಮಾತು ಮುಗಿಯೋದ್ರೊಳಗೆ ಇನ್ನೊಂದು ಬಂದು ಕಾಲು ತುಳಿಯುತ್ತೆ."

"ನಾಲ್ಕು ತಿಂಗಳು ಮಗಳ ಮನೇಲಿ ಕೂತು ಉಂಡು ಇವತ್ತು ಬಂದಿದ್ದೀರ. ನಾಲಿಗೆ ದಪ್ಪ ಆಗಿರ್ಬೇಕು," ಎಂದ ಟೈಲರ್. ಜನ ನಕ್ಕರು. ತಗಡಕ್ಕ ನಗಲಿಲ್ಲ.

ಅವಳಿಗೆ ಈ ದಿನ ಬರಲು ಮನಸ್ಸೇ ಇರಲಿಲ್ಲ. ಹೋದ ಸೋಮವಾರ ಪಕ್ಕದ ಎಂಟನೇ ಪ್ರೆಸ್ಸು ಅವಳ ನಾದಿನಿಯ ಎಡಗೈಯ ಎರಡು ಬೆರಳು ತೆಗೆದುಕೊಂಡಿತ್ತು. ಹಿಂದಿನ ದಿನ ಇದೇ ಜಗಲಿಗೆ, ಬಟ್ಟೆ ಒಗೆಯುವುದಿದೆ ಎಂದವಳನ್ನು, ಇವಳೇ ಕೈಹಿಡಿದು ಎಳೆದು ತಂದಿದ್ದಳು. ಶನಿವಾರ ಮ್ಯಾನೇಜರ್ ತಗಡಕ್ಕನನ್ನು ಒಳಗೆ ಕರೆದು ಒಂದು ಕಾಗದ ಕೊಟ್ಟ. 'ಭಾನುವಾರದ ಗಾನಬಜಾನೆಯಿಂದ ಆಯಾಸಗೊಂಡಿದ್ದ ಕೆಲಸಗಾರ್ತಿಯು ತೂಕಡಿಸಿ, ತನ್ನದೇ ಅಜಾಗರೂಕತೆಯಿಂದ' ಎಂದು ಶುರುವಾಗುತ್ತಿತ್ತು. ಕೆಳಗೆ ಕಣ್ಣಾರೆ ಕಂಡ ಸಾಕ್ಷಿಯ ಸಹಿಗೆ ಜಾಗ ಬಿಟ್ಟಿದ್ದರು. "ಸೋಮವಾರ ಸಹಿ ಹಾಕಿ ತಗೊಂಡ್ ಬಾ. ಇಲ್ಲಾಂದ್ರೆ ಏಳನೇ ನಂಬರಿಗೂ ಬೇರೆಯವ್ರು ಸಿಗ್ತಾರೆ," ಎಂದಿದ್ದ. ಸಹಿ ಬಿದ್ದರೆ ತಪ್ಪು ನಾದಿನಿಯದಾಗುತ್ತಿತ್ತು. ಅವಳ ಕೆಲಸವೂ ಹೋಗುತ್ತಿತ್ತು, ಪರಿಹಾರವೂ ಇಲ್ಲ. ಕಾಗದವನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿ ಇಟ್ಟುಕೊಂಡಿದ್ದಳು. ಅವಳು ಹಿಂಜರಿದದ್ದು ಮ್ಯಾನೇಜರನ ಬೆದರಿಕೆಗಲ್ಲ. ಬರೆದದ್ದು ನಿಜವೇ ಇರಬಹುದೇನೋ ಎಂಬ ಅಂಜಿಕೆಗೆ.

"ನಾನು ಬಾರಿಸಲ್ಲ ಪುಟ್ಟಿ," ಎಂದು ಬೆಳಿಗ್ಗೆ ಹೇಳಿದ್ದಳು.

ಪುಟ್ಟಿ ಎಂದರೆ ನಾದಿನಿ. ವಯಸ್ಸು ಮೂವತ್ತು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಬ್ಯಾಂಡೇಜಿನ ಕೈಯಿಂದಲೇ ಡಬ್ಬವನ್ನು ಕಂಕುಳಿಗೆ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಬಾರಿಸ್ಬೇಕು ಅತ್ತಿಗೆ. ನೀನು ಮನೇಲಿ ಕೂತ್ರೆ ಆ ಮನುಷ್ಯ ಬರ್ದಿದ್ದು ನಾವೇ ಒಪ್ಕೊಂಡ ಹಾಗಾಗುತ್ತೆ. ಬೆರಳು ಹೋಯ್ತು. ಭಾನುವಾರಾನೂ ಅವನಿಗೇ ಕೊಟ್ಬಿಡೋಣ್ವಾ?"

ಈಗ ಆ ಪುಟ್ಟಿ ಮುಂದಿನ ಸಾಲಿನ ಚಾಪೆಯಲ್ಲಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕೊಡಿಲ್ಲಿ," ಎಂದು ದೊಡ್ಡಪ್ಪ ಕೋಲು ಇಸಿದುಕೊಂಡು ಕಣ್ಣು ಮುಚ್ಚಿದರು. ಡಬ್ಬದ ಮೇಲೆ ಬಡಿತ ಬಿತ್ತು. ದಪ್ಪ, ನಿಧಾನ. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ನಡುವೆ ಕೈ ಹಿಂದೆಗೆದುಕೊಂಡು, ಮುಚ್ಚಳ ಬುಟ್ಟಿಗೆ ಹಾಕಿ, ಮೂಗು ತುರಿಸಿಕೊಳ್ಳುವಷ್ಟು ಬಿಡುವು. "ಇದು ಏಳು. ನನ್ನ ಹೆಣ ಎಬ್ಬಿಸಿ ಕೇಳಿದ್ರೂ ಇದೇ ಹೊಡೀತೀನಿ."

"ಇಲ್ಲ," ಎಂದಳು ತಗಡಕ್ಕ. ಕೋಲು ಕಸಿದು ಅವಳೂ ಕಣ್ಣು ಮುಚ್ಚಿದಳು. ಭುಜವೇ ತಾನಾಗಿ ಬಾರಿಸಿತು. "ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕೂರೋಳು ನಾನು. ಇದು ಏಳು."

ಎರಡೂ ಒಂದೇ ಅಲ್ಲವೆನ್ನುವುದು ಚಾಪೆಯ ಮೇಲಿನ ಮಗುವಿಗೂ ತಿಳಿಯುವಂತಿತ್ತು.

ಟೈಲರ್ ಗೊಣಗುತ್ತಾ ಅಂಗಡಿಯ ಒಳಗಿನಿಂದ ಗೋಡೆ ಗಡಿಯಾರವನ್ನೇ ಇಳಿಸಿ ತಂದ. "ಬಟ್ಟೆ ಆದ್ರೆ ಅಳತೆ ಟೇಪು. ಇದಕ್ಕೆ ಇದು. ಒಂದೊಂದು ನಿಮಿಷ ಹೊಡೀರಿ, ನಾನು ಎಣಿಸ್ತೀನಿ. ಸೋತವರು ನನ್ನ ಅಂಗಡಿ ಗುಡಿಸ್ಬೇಕು."

ದೊಡ್ಡಪ್ಪನದು ನಲವತ್ತು ಬಂತು. ತಗಡಕ್ಕನದು ಐವತ್ತು.

ಅನುಮಾನಕ್ಕೆ ಮತ್ತೊಮ್ಮೆ ಹೊಡೆಸಿದ. ನಲವತ್ತು. ಐವತ್ತು. ಒಂದು ಪೆಟ್ಟು ಆಚೀಚೆ ಇಲ್ಲ.

"ವಯಸ್ಸಾಯ್ತು ನನಗೆ," ಎಂದರು ದೊಡ್ಡಪ್ಪ, ಮೊದಲ ಸಲ ದನಿ ತಗ್ಗಿಸಿ.

"ಇಲ್ಲ ದೊಡ್ಡಪ್ಪ, ನನ್ನ ಕೈಯೇ ಕೆಟ್ಟಿರ್ಬೇಕು," ಎಂದಳು ತಗಡಕ್ಕ.

"ಇಬ್ರೂ ಸರಿಯಾಗೇ ಇದ್ದೀರ."

ಹೇಳಿದವಳು ಪುಟ್ಟಿ. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಬ್ಯಾಂಡೇಜನ್ನು ನೋಡುತ್ತಿದ್ದಳು. "ಮಿಷನ್ನು ಬೇರೆ ಆಗಿದೆ."

ಮೂರು ತಿಂಗಳ ಹಿಂದೆ ಎಲ್ಲ ಪ್ರೆಸ್ಸುಗಳಿಗೂ ಹೊಸ ಮೋಟರು ಕೂರಿಸಿದ್ದರು. ಸದ್ದು ಕಡಿಮೆಯಾಗಲಿ ಎಂದು, ನಿಮ್ಮ ಕಿವಿಗಳ ಒಳ್ಳೆಯದಕ್ಕೇ ಎಂದು ಮ್ಯಾನೇಜರ್ ಹೇಳಿದ್ದ. ಆಮೇಲೆ ವಾರಕ್ಕೊಂದು ಚೂರು, ಯಾರ ಕಣ್ಣಿಗೂ ಬೀಳದಂತೆ ವೇಗದ ತಿರುಪು ತಿರುಗಿಸಿದ್ದರು. ಕೈಗಳು ಕೇಳದೆ ಹೊಂದಿಕೊಂಡವು. ಹೊಂದಿಕೊಂಡ ಕೈಗಳೇ ಭಾನುವಾರ ಡಬ್ಬ ಬಾರಿಸಿದವು. ಪಿಟೀಲು ಡಬ್ಬದ ಬೆನ್ನು ಹತ್ತಿತು, ಮಕ್ಕಳು ಪಿಟೀಲಿನ ಬೆನ್ನು ಹತ್ತಿ ಕುಣಿದರು. ಮೂರು ತಿಂಗಳಿಂದ ಇಡೀ ಬೀದಿ ತನ್ನ ರಜೆಯ ದಿನವೂ ಅವನ ಮೋಟರಿಗೆ ತಾಳ ಹಾಕಿತ್ತು.

"ಅದಕ್ಕೇ ಮೂರು ತಿಂಗಳಿಂದ ನನ್ನ ರಟ್ಟೆ ಬಿದ್ದು ಹೋಗಿದೆ," ಎಂದ ಟೈಲರ್. ಈ ಸಲ ಯಾರೂ ನಗಲಿಲ್ಲ.

ತಗಡಕ್ಕ ನಾದಿನಿಯ ಎದುರು ಕೂತಳು. "ನಿಜ ಹೇಳು. ಅವತ್ತು ನಿನಗೆ ನಿದ್ದೆ ಬಂದಿತ್ತಾ?"

"ನಿದ್ದೆಯಾ? ಕಣ್ಣು ಮಿಟುಕಿಸೋಕೂ ಪುರುಸೊತ್ತಿರ್ಲಿಲ್ಲ ಅತ್ತಿಗೆ. ಕೈ ತೆಗೆದೆ ಅಂದ್ಕೊಂಡೆ. ಅದು ಆಗ್ಲೇ ಬಂದಿತ್ತು."

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಹಾಡು ಮುಗಿಸೋಣ. ನನ್ನ ಏಳಕ್ಕೆ." ತಗಡಕ್ಕ ನಾಲ್ಕು ಪೆಟ್ಟು ಹಾಕಿದಳು. ಕೈ ಓಡುತ್ತಿತ್ತು. ಅವಳು ಹಲ್ಲು ಕಚ್ಚಿ ಎಳೆದು ಹಿಡಿದಳು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಜಗಲಿಯ ಮುಂದಿದ್ದವರೆಲ್ಲ ತೊಡೆ ತಟ್ಟಿ ಅವಳನ್ನು ನಿಧಾನಕ್ಕೆ ತಂದು ನಿಲ್ಲಿಸಿದರು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಬಾಗಿಲಲ್ಲೇ ಕೈ ಚಾಚಿದ. "ಸಹಿ ಹಾಕಿದ್ಯಾ?"

"ಹಾಕಿದ್ದೀನಿ ಸರ್. ಹಿಂದ್ಗಡೆ."

ಅವನು ಕಾಗದ ತಿರುಗಿಸಿದ. ಅವಳ ದಪ್ಪ ಅಕ್ಷರಗಳಲ್ಲಿ ಮೂರೇ ಮಾತಿತ್ತು: 'ಮೊದಲು ನಿಮಿಷಕ್ಕೆ ನಲವತ್ತು. ಈಗ ಐವತ್ತು. ಕಣ್ಣಾರೆ ಕಂಡಿದ್ದೇನೆ.' ಕೆಳಗೆ ಸಹಿ. ಅದರ ಕೆಳಗೆ ಭಾನುವಾರ ಚಾಪೆಯ ಮೇಲಿದ್ದ ಕಾರ್ಖಾನೆಯವರೆಲ್ಲರ ಸಹಿ, ಕೆಲವರದು ಹೆಬ್ಬೆಟ್ಟು.

"ಯಾರು ಹೇಳಿದ್ದು ನಿನಗೆ ಇದನ್ನ?"

"ನಮ್ಮ ಗಾನಬಜಾನೆ."

ಅವನು ಬಾಯಿ ತೆರೆಯುವ ಮೊದಲೇ ಗಂಟೆ ಹೊಡೆಯಿತು. ಅವಳು ಹೋಗಿ ಏಳರ ಮುಂದೆ ಕೂತಳು. ತಗಡು ಒಡ್ಡಿದಳು, ಅಚ್ಚು ಬಿತ್ತು, ಮುಚ್ಚಳ ಬಂತು. ಒಂದು, ಎರಡು, ಮೂರು, ನಾಲ್ಕು. ಐದನೆಯ ಪೆಟ್ಟಿಗೆ ಅವಳು ತಗಡು ಒಡ್ಡಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮೇಲಿನ ಅಚ್ಚು ಕೆಳಗಿನ ಖಾಲಿ ಅಚ್ಚಿನ ಮೇಲೆ ಬಿದ್ದು 'ಠಣ್' ಎಂದಿತು. ಮತ್ತೆ ನಾಲ್ಕು. ಮತ್ತೆ ಠಣ್. ಐವತ್ತರಲ್ಲಿ ಹತ್ತು ಹೋದರೆ ನಲವತ್ತು. ಆ ಲೆಕ್ಕಕ್ಕೆ ಗಡಿಯಾರ ಬೇಕಿರಲಿಲ್ಲ.

ಐದನೇ ನಂಬರಿನವಳು ಕತ್ತು ತಿರುಗಿಸಿ ನೋಡಿದಳು. ಹತ್ತರವನು ನೋಡಿದ. ಮೊದಮೊದಲು ಠಣ್‌ಗಳು ಚೆಲ್ಲಾಪಿಲ್ಲಿಯಾಗಿ ಬಿದ್ದವು. ಆಮೇಲೆ ಒಬ್ಬೊಬ್ಬರೇ ಕಾದು, ಹಾಡಿಗೆ ಹತ್ತುವವರಂತೆ, ಅವಳದಕ್ಕೆ ಬಂದು ಸೇರಿಕೊಂಡರು.

ಮ್ಯಾನೇಜರ್ ಕಾಗದ ಹಿಡಿದೇ ಓಡಿಬಂದ. "ಏನಿದು? ಮಿಷನ್ನೆಲ್ಲ ಖಾಲಿ ಹೊಡೀತಿದೆ!"

"ಕೇಳಿಸ್ತಿದೆ ಸರ್," ಎಂದಳು ತಗಡಕ್ಕ, ತಲೆ ಎತ್ತದೆ.

ಅವನು ಇನ್ನೂ ಏನೋ ಕೂಗುತ್ತಿದ್ದ. ಐದನೆಯ ಪೆಟ್ಟು ಬಿದ್ದಾಗ ಅವನ ಬಾಯಿ ಮಾತ್ರ ಆಡುತ್ತಿತ್ತು.

ಪಕ್ಕದ ಎಂಟನೇ ಪ್ರೆಸ್ಸು ಸುತ್ತ ಹಗ್ಗ ಕಟ್ಟಿಸಿಕೊಂಡು ಸುಮ್ಮನೆ ನಿಂತಿತ್ತು. ಅದರ ಹಲಗೆಯ ಮೇಲೆ, ಹೋದ ಸೋಮವಾರ ಅರ್ಧ ಒತ್ತಿದ ಮುಚ್ಚಳವೊಂದು ಯಾರೂ ಎತ್ತಿಡದೆ ಹಾಗೇ ಉಳಿದಿತ್ತು. ನಾಲ್ಕು ಪೆಟ್ಟು ಅದು ಮಿಸುಕದೆ ಕೂರುತ್ತಿತ್ತು. ಐದಕ್ಕೊಮ್ಮೆ ಸಣ್ಣಗೆ ನಡುಗಿ, ತಿರುಗಿ, ಕಿಟಕಿಯ ಬಿಸಿಲನ್ನು ಒಮ್ಮೆ ಛಾವಣಿಗೆ ಎಸೆದು ಸುಮ್ಮನಾಗುತ್ತಿತ್ತು.