ಎಲೆಕ್ಷನ್ ಹಲಗೆ

"ಬೇವರ್ಸಿ, ಹಲ್ಗಿ ಅಲ್ಲಾಡ್ತಿತ್ತಲಾ! ನನ್ನ್ ಅಬ್ಬಿ ಬಿದ್ ಸತ್ರೆ ನಿನ್ನಪ್ಪ ಬತ್ನಾ ಹೊತ್ಕಂಡ್ ಹೋಪುಕೆ?"

ರಾಜೀವಣ್ಣ ಹಲಗೆಯನ್ನು ಕಾಲಿನಿಂದ ಒದ್ದು ನೋಡಿದ. ಶಾಮಿಯಾನ ಅವನದು, ಹಲಗೆ ಅವನದು, ಶಾಲಾ ಸಮಿತಿಯ ಅಧ್ಯಕ್ಷನೂ ಅವನೇ. ನಾನು ಅವನ ಕೂಲಿ. ಕೆಳಗೆ ಇನ್ನೊಂದು ಮುರಕಲ್ಲು ಕೊಟ್ಟು ಎರಡು ಮೊಳೆ ಹೊಡೆದೆ. ಅಲ್ಲಾಡುವುದು ನಿಂತಿತು. ನಾಳೆ ಈ ಶಾಲೆಯಲ್ಲಿ ವೋಟು. ಅವನ ತಾಯಿಗೆ ನಡೆಯಲಾಗುವುದಿಲ್ಲ, ಅದಕ್ಕೆ ಈ ಇಳಿಜಾರು. ಒಟ್ಟು ಒಂದು ಗಂಟೆಯ ಕೆಲಸ.

ಶಾಲೆಗೆ ಇರುವುದು ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲಿನಿಂದಾಗಿ, ನಡೆಯಲಾಗದ ನನ್ನ ತಂಗಿ ವಿನಯಾ ಎರಡು ವರ್ಷದಿಂದ ಮನೆಯಲ್ಲಿದ್ದಾಳೆ.

ಮೊದಲು ನಾನೇ ಬೆನ್ನ ಮೇಲೆ ಹೊತ್ತು ತರುತ್ತಿದ್ದೆ. ಅವಳನ್ನು ಕೂರಿಸಿ ನನ್ನ ಹೈಸ್ಕೂಲಿಗೆ ಓಡುವಷ್ಟರಲ್ಲಿ ಅಲ್ಲಿ ಎರಡನೇ ಪಿರಿಯಡ್. ಒಂಬತ್ತನೆಯಲ್ಲಿ ಹಾಜರಿ ಸಾಲದೆ ನನ್ನ ಹೆಸರು ಹೊಡೆದುಹಾಕಿದರು. ಆಮೇಲೂ ಹೊತ್ತೆ. ಆರನೆಯಲ್ಲಿ ಅವಳೇ ಬೇಡವೆಂದಳು. ಎತ್ತುವಾಗ ಲಂಗ ಮೇಲೆ ಹೋಗುತ್ತಿತ್ತು, ಹುಡುಗರು ನಗುತ್ತಿದ್ದರು. ಉಚ್ಚೆಗೆ ಯಾರಾದರೂ ಎತ್ತಬೇಕಲ್ಲ ಎಂದು ಬೆಳಗಿನಿಂದ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ಒಂದು ದಿನ ತರಗತಿಯಲ್ಲೇ ತಲೆ ತಿರುಗಿ ಬಿದ್ದಳು. ಅಂಗವಿಕಲರ ಕ್ಯಾಂಪಿನಲ್ಲಿ ಗಾಲಿಕುರ್ಚಿ ಕೊಟ್ಟರು, ಫೋಟೋ ತೆಗೆದರು. ಕುರ್ಚಿ ಮೆಟ್ಟಿಲು ಹತ್ತಲಿಲ್ಲ.

ನಮ್ಮ ತಾಯಿ ಮೀನಿನ ಬುಟ್ಟಿ ಸಮೇತ ಹೆಡ್ಮಾಷ್ಟ್ರ ಹತ್ತಿರ ಇಳಿಜಾರು ಕೇಳಲು ಹೋಗಿದ್ದಳು.

"ಬುಟ್ಟಿ ಹೆರ್ಗ್ ಇಡ್ ಜಲಜಾ, ಆಫೀಸೆಲ್ಲ ನಾತ," ಎಂದರು ಚಂದಯ್ಯ ಮಾಷ್ಟ್ರು. "ರ‍್ಯಾಂಪಿಗೆ ಮೇಲಿಂದ ಆರ್ಡರ್ ಬರ್ಕ್. ಒಬ್ಳಿಗೋಸ್ಕರ ಶಾಲಿ ಒಡುಕಾತ್ತಾ?"

ರಾಜೀವಣ್ಣ ಅಲ್ಲೇ ಚಾ ಕುಡಿಯುತ್ತಿದ್ದ. "ಕಾಲಿಲ್ದಿದ್ ಹೆಣ್ಣಿಗೆ ಎಂತ ಓದ್ ಮಾರಾಯ್ತಿ? ಮೀನ್ ಬಲಿ ಹೆಣುಕ್ ಕಲ್ಸ್. ಕೂಕಂಡೇ ಮಾಡ್ಲಕ್."

ತಾಯಿ ಬುಟ್ಟಿ ಎತ್ತಿಕೊಂಡು ಬಂದಳು.

ವೋಟಿನ ದಿನ ಬೆಳಿಗ್ಗೆ ಎಂಟಕ್ಕೆ ರಾಜೀವಣ್ಣನ ತಾಯಿ ಗಾಲಿಕುರ್ಚಿಯಲ್ಲಿ ಬಂದರು. ಚಂದಯ್ಯ ಮಾಷ್ಟ್ರೇ ಹಿಂದಿನಿಂದ ದೂಡಿದರು. ಪೇಪರಿನವನು ಫೋಟೋ ತೆಗೆದ. ಹಲಗೆ ಅಲ್ಲಾಡಲಿಲ್ಲ.

ವಿನಯಾ ತನ್ನ ಕುರ್ಚಿಯಲ್ಲಿ ಗೇಟಿನ ಹೊರಗಿದ್ದಳು. ವೋಟಿಲ್ಲದವರು ಒಳಗೆ ಬರಬಾರದೆಂದು ಪೊಲೀಸ್ ತಡೆದಿದ್ದ. ಮಧ್ಯಾಹ್ನ ನಾನು ಊಟ ಕೊಟ್ಟೆ. ಮುಟ್ಟಲಿಲ್ಲ.

"ಅಣ್ಣ, ಆ ಹಲ್ಗಿ ತೆಗಿತ್ರಾ?"

"ಸಂಜಿಗೆ."

"ನೀನೇ ತೆಗಿತ್ಯಾ?"

ನಾನು ಊಟದ ಡಬ್ಬಿ ಮುಚ್ಚಿದೆ.

ಸಂಜೆ ಮತಯಂತ್ರದ ಬಸ್ಸು ಹೋಯಿತು. ಗೇಟು ತೆರೆದೇ ಇತ್ತು. ನಾನು ಶಾಮಿಯಾನ ಮಡಚುತ್ತಿದ್ದಾಗ ಗಾಲಿಯ ಸದ್ದು ಕೇಳಿತು. ವಿನಯಾ ಹಲಗೆಯ ಮೇಲಿದ್ದಳು. ಅರ್ಧದಲ್ಲಿ ಕೈ ಸೋತು ಗಾಲಿ ಹಿಂದೆ ಜಾರಿತು. ನಾನು ಓಡಿದೆ.

"ಮುಟ್ಬ್ಯಾಡ!"

ಹಲ್ಲು ಕಚ್ಚಿ ಮತ್ತೆ ತಿರುಗಿಸಿದಳು. ಜಗಲಿಗೆ ಹತ್ತಿದಳು. ಅವಳು ಕೂರದೇ ಹೋದ ಏಳನೆಯ ತರಗತಿಯ ಬಾಗಿಲು ಇನ್ನೂ ತೆರೆದಿತ್ತು. ಹೊಸ್ತಿಲ ಹತ್ತಿರ ಕುರ್ಚಿಯನ್ನು ಅಂಗಳದ ಕಡೆ ತಿರುಗಿಸಿ ಕೂತಳು.

"ಹ್ವಾಯ್ ಕುಷ್ಟ! ಎಂತ ಕಾಣ್ತಾ ನಿಂತಿದ್ದೆ? ಹಲ್ಗಿ ತೆಗಿ, ನಾಳೆ ಮದಿ ಮನಿಗ್ ಹೋಯ್ಕ್!" ರಾಜೀವಣ್ಣ ಟೆಂಪೊದ ಹತ್ತಿರದಿಂದ ನನ್ನ ಹೆಸರು ಹಿಡಿದು ಕೂಗಿದ.

ನಾನು ವಿನಯಾಳನ್ನು ನೋಡಿದೆ.

"ತೆಗಿ ಅಣ್ಣ," ಎಂದಳು.

ಒಂದೊಂದೇ ಮೊಳೆ ಕಿತ್ತೆ. ಹಲಗೆಗಳನ್ನು ಟೆಂಪೊಗೆ ಹಾಕಿದೆ. ಮತ್ತೆ ಮೂರು ಮೆಟ್ಟಿಲು. ಮೇಲೆ ಅವಳು ಕುರ್ಚಿಯ ಬ್ರೇಕ್ ಹಾಕಿದಳು, ಎರಡೂ ಬದಿ.

ಚಂದಯ್ಯ ಮಾಷ್ಟ್ರು ಬೀಗ ಹಿಡಿದು ಬಂದರು. "ಬಾ ಹೆಣ್ಣೆ, ಎತ್ತಿ ಇಳಿಸ್ತ್ರ್. ಬೀಗ ಹಾಕ್ಕ್."

"ಯಾರೂ ಮುಟ್ಬ್ಯಾಡಿ ಸಾರ್. ಹಲ್ಗಿ ಹಾಕಿ, ನಾನೇ ಇಳಿತೆ."

"ಎಳ್ದ್ ಹಾಕಾ ಅದನ್ನ!" ರಾಜೀವಣ್ಣ ನನ್ನ ಕಡೆ ಬಂದ. "ನಿನ್ ತಂಗಿ ಅಲ್ದನಾ?"

"ಹೌದ್. ನನ್ ತಂಗಿ."

ನಾನು ಮೊದಲ ಮೆಟ್ಟಿಲ ಮೇಲೆ ಕೂತೆ. ಮುಷ್ಟಿಯಲ್ಲಿ ಕಿತ್ತ ಮೊಳೆಗಳಿದ್ದವು, ಪಕ್ಕದಲ್ಲಿ ಸುತ್ತಿಗೆ. ಅವನು ಸುತ್ತಿಗೆ ನೋಡಿ ನಿಂತ.

ಅಷ್ಟರಲ್ಲಿ ತಾಯಿ ಕಿರಿಮಂಜೇಶ್ವರದ ಬಸ್ಸಿಳಿದು, ತಲೆಯ ಮೇಲೆ ಮೀನು ಮುಗಿದ ಬುಟ್ಟಿಯೊಂದಿಗೆ ಅಂಗಳಕ್ಕೆ ಬಂದಳು. ನಮ್ಮೆಲ್ಲರನ್ನೂ ನೋಡಿದಳು. ಬುಟ್ಟಿಯನ್ನು ಈ ಸಲ ಜಗಲಿಯ ಮೇಲೆಯೇ ಇಟ್ಟಳು.

"ನೀರ್ ಇತ್ತಾ ಅಬ್ಬಿ?" ವಿನಯಾ ಕೇಳಿದಳು.

ತಾಯಿ ಬುಟ್ಟಿಯಿಂದ ಬಾಟಲಿ ತೆಗೆದುಕೊಟ್ಟಳು. ವಿನಯಾ ಮಾಷ್ಟ್ರ ಮುಖವನ್ನೇ ನೋಡುತ್ತ ಮುಚ್ಚಳ ತಿರುಗಿಸಿದಳು. ಬಾಟಲಿ ಬರಿದಾಗುವವರೆಗೂ ಕುಡಿದಳು.