ಕೀಚಡ್ ಮಾಮು ಮನೆಗೆ ಹೋದದ್ದು

ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ ಅತ್ತೆಯ ಮದುವೆಯ ಪಾತ್ರೆಗಳೋ ಹಳೆಯ ರಜಾಯಿಗಳೋ ಇರಬಹುದೆಂದು ಅರ್ಷಿಯಾ ಅಂದುಕೊಂಡಿದ್ದಳು. ಮುಚ್ಚಳ ತೆಗೆದರೆ ಮೇಲೆಯೇ ಒಂದು ಪ್ರಾಣಿ ಬಾಯಿ ತೆರೆದು ನಿಂತಿತ್ತು. ಹಸಿರು ಮೈ, ಹೆಗಲಿನಿಂದ ಜೋತುಬಿದ್ದ ಕೆಸರು, ಕಣ್ಣಿರಬೇಕಾದ ಕಡೆ ಎರಡು ಹಳದಿ ದೀಪ. ಅದನ್ನೆತ್ತಿದರೆ ಕೆಳಗೆ ಇನ್ನೊಂದು ಪುಸ್ತಕ. ಮೈತುಂಬ ಕಣ್ಣುಗಳಿದ್ದ ಉಂಡೆಯೊಂದು ಊರಿನ ಮೇಲೆ ಉರುಳಿಕೊಂಡು ಬರುತ್ತಿತ್ತು. ಅದರಡಿಯ ಪುಸ್ತಕದಲ್ಲಿ ಮೈಗೆಲ್ಲ ಬ್ಯಾಂಡೇಜು ಸುತ್ತಿದ ಹೆಣ ಗೋರಿಯಿಂದ ಏಳುತ್ತಿತ್ತು. ಎಲ್ಲವೂ ಇಂಗ್ಲಿಷಿನ ಹಳೆಯ ಕಾಮಿಕ್ಸುಗಳು. ಹುಳ ಹಿಡಿಯದಿರಲೆಂದು ನಡುನಡುವೆ ಬೇವಿನ ಸೊಪ್ಪು ಇಟ್ಟಿದ್ದರು. ಅದು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿತ್ತು.

ಕಾಗದನಗರದ ಅಂಚಿನ ಆ ಮನೆಗೆ ಅರ್ಷಿಯಾ ಸೊಸೆಯಾಗಿ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಶಿವಮೊಗ್ಗದ ಹೊಸಮನೆಯ ತವರಿನಲ್ಲಿ ಅವಳಿಗೆ ದೆವ್ವ ಪಿಶಾಚಿಗಳ ಸಿನಿಮಾ ಅಂದರೆ ಹುಚ್ಚು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಹೊದಿಕೆಯೊಳಗೆ ಮೊಬೈಲ್ ಹಿಡಿದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುವವಳು. ಈ ಮನೆಯಲ್ಲೂ ಹಾಗೇ ಕದ್ದು ನೋಡುತ್ತಿದ್ದಳೇ ಹೊರತು ಆ ಹುಚ್ಚನ್ನು ಯಾರಿಗೂ ತೋರಿಸಿರಲಿಲ್ಲ. ಅತ್ತೆ ಖಾಜಾಬೀ ಐದು ಹೊತ್ತಿನ ನಮಾಜು ತಪ್ಪಿಸದ, ಅಳೆದು ಮಾತಾಡುವ, ನಗುವುದು ಅಪರೂಪವಾದ ಹೆಂಗಸು. ಅವರೆದುರು ಸೊಸೆ ರಕ್ತ ಹೀರುವವರ ಸಿನಿಮಾ ನೋಡುವುದುಂಟೆ? ಅತ್ತೆ ಸೊಸೆ ಇಬ್ಬರ ಮಾತು ದಖನಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಅಕ್ಕಿ, ಉಪ್ಪು, ನೀರು ಬಂತೇ ಇಲ್ಲವೇ ಅನ್ನುವುದರ ಆಚೆಗೆ ಹೋಗುತ್ತಿದ್ದುದು ಕಡಿಮೆ.

ಸುಣ್ಣ ಬಳಿಯುವವರು ಬರುವ ಮೊದಲು, ಅರ್ಷಿಯಾ ಕೆಲಸಕ್ಕೆ ರಜೆ ಹಾಕಿ ಅಟ್ಟ ಖಾಲಿ ಮಾಡಲು ಹೊರಟಾಗಲೇ ಈ ಟ್ರಂಕು ಸಿಕ್ಕಿದ್ದು.

"ಅಮ್ಮೀ, ಇದೆಲ್ಲ ಯಾರ್ದು?"

ಖಾಜಾಬೀ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಟ್ರಂಕು ನೋಡಿ ಬಾಗಿಲಲ್ಲೇ ನಿಂತರು. "ನಂದು," ಅಂದರು. ಹತ್ತಿರ ಬಂದು, "ನಿಧಾನ ಹಿಡ್ಕೋ. ಮೂಲೆ ಮುರಿತವೆ."

ಅರ್ಷಿಯಾ ನಂಬಲಾರದೆ ಅತ್ತೆಯ ಮುಖವನ್ನೂ ಹಸಿರು ಪ್ರಾಣಿಯ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. ಖಾಜಾಬೀ ನೆಲದ ಮೇಲೆ ಕೂತು ಒಂದೊಂದನ್ನೇ ತೊಡೆಯ ಮೇಲಿಟ್ಟು ಧೂಳು ಒರೆಸತೊಡಗಿದರು. ಮಾವ ಸಮೀವುಲ್ಲಾ ತೀರಿಕೊಳ್ಳುವ ಮೊದಲು ಲಾರಿ ಓಡಿಸುತ್ತಿದ್ದವರು. ಮಂಗಳೂರಿನ ಬಂದರಿಗೆ ಹಡಗಿನಲ್ಲಿ ಬರುತ್ತಿದ್ದ ವಿದೇಶದ ರದ್ದಿ ಕಾಗದವನ್ನು ಘಟ್ಟ ಹತ್ತಿಸಿ ಊರಿನ ಕಾಗದದ ಕಾರ್ಖಾನೆಗೆ ತರುತ್ತಿದ್ದರು. ಗಂಟು ಒಡೆದು ಲಾರಿಯಲ್ಲಿ ಚೆಲ್ಲಿದ್ದನ್ನು ಡ್ರೈವರೇ ಇಟ್ಟುಕೊಳ್ಳಲಿ ಎಂದು ಕಾರ್ಖಾನೆಯವರು ಬಿಡುತ್ತಿದ್ದರಂತೆ. ಬೇರೆಯವರು ಸಿನಿಮಾ ನಟಿಯರ ಚಿತ್ರ ಆರಿಸಿಕೊಂಡರೆ ಸಮೀವುಲ್ಲಾ ಇವನ್ನು ಆರಿಸಿಕೊಂಡು ಬಂದಿದ್ದರು.

"ಮಕ್ಕಳಿಗೆ ಅಂತ ತಂದ್ರು," ಅಂದರು ಖಾಜಾಬೀ. "ಮಕ್ಕಳು ನೋಡಿ ಅತ್ರು. ಆಮೇಲೆ ನಾನೇ ನೋಡ್ದೆ."

"ನಿಮಗೆ ಹೆದರಿಕೆ ಆಗ್ಲಿಲ್ವಾ?"

"ಯಾಕೆ ಹೆದ್ರಬೇಕು? ಪಾಪದವರು ಇವರು."

ಅವತ್ತು ಅಟ್ಟದ ಕೆಲಸ ಅಷ್ಟಕ್ಕೇ ನಿಂತಿತು. ಮಧ್ಯಾಹ್ನ ಅರ್ಷಿಯಾ ಕಿಟಕಿಯ ಹತ್ತಿರ ಕೂತು ಪುಸ್ತಕಗಳನ್ನು ತಿರುವಿದಳು. ಮೊಬೈಲಿನ ದೆವ್ವಗಳು ಕಿರುಚಿ ಹೆದರಿಸುತ್ತವೆ. ಇಲ್ಲಿ ಹಾಗಿಲ್ಲ. ಹಾಳೆ ಕಣ್ಣಿಗೆ ಹತ್ತಿರ ಹಿಡಿದರೆ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿ. ದೂರ ಹಿಡಿದರೆ ಅದೇ ಚುಕ್ಕಿಗಳು ಸೇರಿ ಕೆಸರಾಗುತ್ತಿದ್ದವು, ಬೆಳದಿಂಗಳಾಗುತ್ತಿದ್ದವು. ಕಪ್ಪು ಮಸಿಯ ಒಂದೇ ಎಳೆತದಲ್ಲಿ ಮರದ ಕೊಂಬೆಯೊಂದು ಕೈಯಾಗಿಬಿಟ್ಟಿತ್ತು. ಇದನ್ನು ಬರೆದವನು ಯಾರೋ, ಎಷ್ಟು ಕಾಲದ ಹಿಂದೆ, ಯಾವ ಊರಿನಲ್ಲಿ ಕೂತು ಬರೆದನೋ. ಆ ಕೊಂಬೆಯನ್ನು ಎಷ್ಟು ಆಸೆಯಿಂದ ಎಳೆದಿದ್ದಾನೆ ಅನ್ನಿಸಿತು ಅವಳಿಗೆ.

ಗಂಡ ಸಯೀದ್ ನ್ಯೂ ಟೌನಿನ ಗ್ಯಾರೇಜಿನಿಂದ ಬಂದವನು ಕೈಯ ಗ್ರೀಸು ತೊಳೆಯುವುದನ್ನೂ ಮರೆತು ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅರೇ, ಕೀಚಡ್ ಮಾಮು," ಅಂದ ಹಸಿರು ಪ್ರಾಣಿಯನ್ನು ನೋಡಿ. "ಇವನು ಚಷ್ಮಾವಾಲಾ. ಅಷ್ಟೊಂದು ಕಣ್ಣು, ಒಂದಕ್ಕೂ ಸರಿಯಾದ ಕನ್ನಡಕ ಸಿಗದೆ ಊರೂರು ಅಲೀತಾನೆ. ಈ ಬ್ಯಾಂಡೇಜಿನವನು ಸೈಕಲ್ಲಿಂದ ಬಿದ್ದವನು. ಅಲ್ವಾ ಅಮ್ಮೀ?"

ಖಾಜಾಬೀ ಮುಖ ಆಚೆ ತಿರುಗಿಸಿದರು. ತುಟಿಯ ಕೊನೆ ಅಲುಗಿದ್ದನ್ನು ಅರ್ಷಿಯಾ ಕಂಡಳು.

ವಿಷಯ ಹೀಗಿತ್ತು. ಖಾಜಾಬೀಗೆ ಇಂಗ್ಲಿಷ್ ಬಾರದು. ಚಿತ್ರ ನೋಡಿಕೊಂಡೇ ಕತೆ ಕಟ್ಟಿ ಸಯೀದ್‌ಗೂ ಅವನ ಅಕ್ಕ ಆಯೆಷಾಗೂ ಹೇಳಿ ಮಲಗಿಸುತ್ತಿದ್ದರು. ಮಕ್ಕಳಿಬ್ಬರೂ ಪುಸ್ತಕದಲ್ಲಿ ಬರೆದಿರುವುದೇ ಅದು ಎಂದು ನಂಬಿ ದೊಡ್ಡವರಾಗಿದ್ದರು. ಅವರಿಗೆಲ್ಲ ಅಚ್ಚುಮೆಚ್ಚು ಕೀಚಡ್ ಮಾಮು, ಅಂದರೆ ಕೆಸರು ಮಾವ. ಜೌಗು ನೆಲದಲ್ಲಿ ಬಿದ್ದು ಮೈಯೆಲ್ಲ ಕೆಸರಾದವನು, ಮನೆಯ ದಾರಿ ಮರೆತವನು. ಕೊನೆಗೆ ಊರವರೆಲ್ಲ ಪಂಜು ಹಿಡಿದು ಬಂದು, ಬೆಳಕು ತೋರಿಸಿ, ಅವನನ್ನು ಮನೆಗೆ ಬಿಟ್ಟುಬರುತ್ತಾರೆ.

"ನೀನು ಓದು ನೋಡಣ," ಅಂದ ಸಯೀದ್. "ನಿಜವಾಗ್ಲೂ ಏನಿದೆ ಅಂತ."

ಅರ್ಷಿಯಾಗೂ ಉಮೇದು. ಮೆಡಿಕಲ್ ಶಾಪಿನ ಬಿಲ್ಲಿಂಗ್ ಕೌಂಟರಿನಲ್ಲಿ ದಿನವಿಡೀ ಔಷಧಿಯ ಹೆಸರು ಓದುವವಳಿಗೆ ಇಂಥದ್ದು ಓದಲು ಸಿಕ್ಕಿದ್ದೇ ಹಬ್ಬ. ಒಂದೊಂದು ಚೌಕಕ್ಕೂ ದನಿ ಬದಲಿಸಿ ಓದಿ ಓದಿ ಹೇಳಿದಳು. ಆಸ್ತಿಯ ಆಸೆಗೆ ಅಣ್ಣ ತಮ್ಮನನ್ನೇ ಜೌಗಿಗೆ ತಳ್ಳುತ್ತಾನೆ. ತಮ್ಮ ಕೆಸರಿನ ರಾಕ್ಷಸನಾಗಿ ಎದ್ದು ಬಂದು ಅಣ್ಣನ ಕತ್ತು ಹಿಸುಕುತ್ತಾನೆ. ಊರವರು ಪಂಜು ಹಿಡಿದು ಹೊರಡುತ್ತಾರೆ. ಅವಳು ದನಿ ಏರಿಸಿ ಓದಿದಳು: "ಸುಡಿ ಅವನನ್ನ. ಬೂದಿ ಆಗೋ ತನಕ ಬಿಡ್ಬೇಡಿ."

ಸಯೀದ್ ಜೋರಾಗಿ ನಕ್ಕ. ಖಾಜಾಬೀ ನಗಲಿಲ್ಲ.

"ಸುಟ್ರಾ?"

"ಹೌದಮ್ಮೀ. ಹಾಗೇ ಬರ್ದಿದೆ."

"ಆ ಪಂಜು ಅದಕ್ಕಾ?"

ಅರ್ಷಿಯಾಗೆ ಆಗ ತಿಳಿಯಿತು. ಪುಸ್ತಕ ಮಡಿಚಿದಳು. ಖಾಜಾಬೀ ಎದ್ದು ಒಳಗೆ ಹೋಗಿ ರೊಟ್ಟಿ ಲಟ್ಟಿಸತೊಡಗಿದರು. ಲಟ್ಟಣಿಗೆಯ ಸದ್ದು ಎಂದಿಗಿಂತ ಮೆಲ್ಲಗಿತ್ತು.

ಬೆಳಗ್ಗೆ ನೋಡಿದರೆ ಪುಸ್ತಕಗಳನ್ನೆಲ್ಲ ಸುತಳಿ ಹಗ್ಗದಿಂದ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದರು.

"ರದ್ದಿಯವನು ಬಂದ್ರೆ ಕೊಟ್ಬಿಡು."

"ನಕ್ಕೋ ಅಮ್ಮೀ, ಬೇಡ. ಯಾಕೆ?"

"ಇಷ್ಟು ವರ್ಷ ಅವನನ್ನ ಮನೆಗೆ ಕಳ್ಸಿದೀನಿ ಅಂತ ಇದ್ದೆ. ಇನ್ನು ಹೇಗೆ ನೋಡ್ಲಿ ಅದನ್ನ?" ಖಾಜಾಬೀ ಇಷ್ಟೇ ಹೇಳಿ ಹಾಲು ತರಲು ಹೋದರು.

ಅರ್ಷಿಯಾ ಅಂಗಡಿಗೆ ಫೋನ್ ಮಾಡಿ ತಡವಾಗಿ ಬರ್ತೀನಿ ಅಂದಳು. ಹಗ್ಗ ಬಿಚ್ಚಿ ಕೀಚಡ್ ಮಾಮುವಿನ ಪುಸ್ತಕವನ್ನು ಮತ್ತೆ ತೆರೆದಳು. ನಿನ್ನೆ ಓದುವ ಉಮೇದಿನಲ್ಲಿ ಚಿತ್ರ ನೋಡುವುದನ್ನೇ ಬಿಟ್ಟಿದ್ದಳು. ಈಗ ಮಾತುಗಳನ್ನು ಬೆರಳಿನಿಂದ ಮುಚ್ಚಿ ಬರೀ ಚಿತ್ರ ನೋಡಿದಳು. ರಾಕ್ಷಸನ ಹೆಗಲು ಕುಸಿದಿತ್ತು. ಊರಿನ ಬೀದಿಯಲ್ಲಿ ಬಿದ್ದಿದ್ದ ಮಗುವಿನ ಗೊಂಬೆಯನ್ನು ತುಳಿಯದೆ ಅವನು ಕಾಲು ಎತ್ತಿ ದಾಟುತ್ತಿದ್ದ. ಅಮ್ಮಿ ಕತೆಯನ್ನು ಗಾಳಿಯಿಂದ ತಂದವರಲ್ಲ ಅನ್ನಿಸಿತು.

ಕೊನೆಯ ಪುಟ, ಆಮೇಲೆ ಆಟಿಕೆಗಳ ಜಾಹೀರಾತು, ಆಮೇಲೆ ಹಿಂಬದಿಯ ರಟ್ಟು. ರಟ್ಟು ಯಾಕೋ ದಪ್ಪ ಅನ್ನಿಸಿ ಅಂಚನ್ನು ಉಜ್ಜಿ ನೋಡಿದಳು. ಜಾಹೀರಾತಿಗೂ ರಟ್ಟಿಗೂ ನಡುವೆ ಇನ್ನೊಂದು ಹಾಳೆ ತೇವಕ್ಕೆ ಅಂಟಿಕೊಂಡುಹೋಗಿತ್ತು.

ಖಾಜಾಬೀ ಹಾಲು ತಂದಾಗ ಸೊಸೆ ಕುದಿಯುವ ನೀರಿನ ಆವಿಗೆ ಪುಸ್ತಕ ಹಿಡಿದು, ಚಾಕುವಿನ ಮೊಂಡು ಬದಿಯಿಂದ ಕೂದಲೆಳೆಯಷ್ಟೇ ಬಿಡಿಸುತ್ತ ನಿಂತಿದ್ದಳು.

"ಏನು ಮಾಡ್ತಿದೀಯ ಮಾರಾಯ್ತಿ? ಹರಿದುಹೋಗತ್ತೆ."

"ಇನ್ನೊಂದು ಪುಟ ಇದೆ ಅಮ್ಮೀ. ನೀವು ಆ ಕಡೆ ಹಿಡ್ಕೊಳ್ಳಿ."

ಇಬ್ಬರೂ ಉಸಿರು ಬಿಗಿಹಿಡಿದು ಹಾಳೆ ಬಿಡಿಸಿದರು. ಮೂಲೆಯಲ್ಲಿ ಚೂರು ಕಿತ್ತುಬಂತು, ಉಳಿದದ್ದು ನೆಟ್ಟಗಿತ್ತು. ಮೊದಲ ಚೌಕದಲ್ಲಿ ಬೂದಿಯ ಮೇಲೆ ಮಳೆ. ಎರಡನೆಯದರಲ್ಲಿ ಬೂದಿ ಕೆಸರಾಗಿ, ಕೆಸರಿನಿಂದ ಒಂದು ಕೈ. ಆಮೇಲೆ ಅವನ ನಡಿಗೆ, ಬೇಲಿ, ದೀಪ ಉರಿಯುವ ಒಂದು ಸಣ್ಣ ಮನೆ. ಕೊನೆಯ ಚೌಕದಲ್ಲಿ ಬಾಗಿಲು ತೆರೆದ ಮುದುಕಿ. ಅವಳ ಮುಂದೆ ತಲೆ ತಗ್ಗಿಸಿ ನಿಂತ ಕೀಚಡ್ ಮಾಮು.

ಖಾಜಾಬೀ ಬಹಳ ಹೊತ್ತು ನೋಡಿದರು. "ಬಂದ ನೋಡು," ಅಂದರು ಮೆಲ್ಲಗೆ. ಆಮೇಲೆ ಮುದುಕಿಯ ಬಾಯಿಯ ಹತ್ತಿರದ ಮಾತಿನ ಗುಳ್ಳೆಯ ಮೇಲೆ ಬೆರಳಿಟ್ಟರು. "ಏನಂತಾಳೆ ಇವಳು? ಇದ್ದದ್ದು ಇದ್ದ ಹಾಗೇ ಹೇಳು. ನನ್ನ ಸಮಾಧಾನಕ್ಕೆ ಹೇಳ್ಬೇಡ."

ಅರ್ಷಿಯಾ ಓದಿದಳು. "ಯಾಕೆ ಇಷ್ಟು ಹೊತ್ತು, ಅಂತಾಳೆ ಅಮ್ಮೀ."

"ಅಷ್ಟೇನಾ?"

"ಅಷ್ಟೇ."

ಖಾಜಾಬೀ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ಘಟ್ಟ ಹತ್ತಿ ಧೂಳು ಮೆತ್ಕೊಂಡು ನಿಮ್ಮ ಮಾವ ಬಾಗಿಲಲ್ಲಿ ನಿಂತ್ರೆ ನಾನೂ ಅದನ್ನೇ ಕೇಳ್ತಿದ್ದೆ. ಬೇರೆ ಏನೂ ಬರ್ತಿರ್ಲಿಲ್ಲ ಬಾಯಿಗೆ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪುಟದ ಅಡಿಯಲ್ಲಿದ್ದ ಸಾಲು ತೋರಿಸಿದರು. "ಇದು?"

"ಉಳಿದದ್ದು ಮುಂದಿನ ಸಂಚಿಕೆಯಲ್ಲಿ ಅಂತ."

"ಹಾಗಾದ್ರೆ ಅದನ್ನ ಹುಡುಕ್ಬೇಕು," ಅಂದರು ಖಾಜಾಬೀ, ಕೊತ್ತಂಬರಿ ತರಬೇಕು ಅನ್ನುವ ಹಾಗೆ.

ಭಾನುವಾರ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು. ಅರ್ಷಿಯಾ ದಾರಿಯಲ್ಲಿ ತನ್ನ ಸಿನಿಮಾಗಳ ಗುಟ್ಟು ಬಿಟ್ಟುಕೊಟ್ಟಳು. "ಗೊತ್ತು," ಅಂದರು ಅತ್ತೆ. "ಹೊದಿಕೆ ಒಳಗೆ ಬೆಳಕು ಕಾಣತ್ತೆ. ನನ್ನನ್ನ ಯಾವಾಗ ಕರೀತೀಯ ಅಂತ ಕಾಯ್ತಿದ್ದೆ." ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಹಳೆ ಪುಸ್ತಕ ಮಾರುವ ಏಕಾಂತಪ್ಪನವರು ಕನ್ನಡಕ ಏರಿಸಿ ಕೀಚಡ್ ಮಾಮುವನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು.

"ಇಂಥದ್ದು ನಾನೇ ಮೊದಲನೇ ಸಲ ನೋಡ್ತಿರೋದು. ಮುಂದಿನದು ಎಲ್ಲಿ ಸಿಗತ್ತಮ್ಮ? ಅಮೆರಿಕದಲ್ಲೂ ಸಿಗತ್ತೋ ಇಲ್ವೋ." ಖಾಜಾಬೀಯ ಮುಖ ನೋಡಿ ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದು ತಂದರು. "ಇದರಲ್ಲಿ ಹುಡುಕಿ. ಮಕ್ಕಳ ಹಳೇ ಪುಸ್ತಕ, ರಾಕ್ಷಸರು ಬೇಕಾದಷ್ಟಿದಾರೆ."

ಖಾಜಾಬೀ ಸ್ಟೂಲಿನ ಮೇಲೆ ಕೂತು ಇಡೀ ಪೆಟ್ಟಿಗೆ ಜಾಲಾಡಿದರು. ಸುಮ್ಮನೆ ಕೋರೆ ತೋರಿಸುವವರನ್ನೆಲ್ಲ ಪಕ್ಕಕ್ಕೆ ಸರಿಸಿದರು. ಕೊನೆಗೆ ಹೊದಿಕೆ ಅರ್ಧ ಹರಿದ ಒಂದು ಪುಸ್ತಕ ತೆಗೆದು ಎದೆಗೊತ್ತಿಕೊಂಡರು. ಒಂಟಿ ಕೊಂಬಿನ, ಮೈತುಂಬ ಕೂದಲಿನ ದೈತ್ಯನೊಬ್ಬ ಗುಡ್ಡದ ಮೇಲೆ ಕೂತು ಒಂದು ಕೈಯನ್ನು ಕೆನ್ನೆಗೆ ಹಚ್ಚಿಕೊಂಡು ಬಾಯಿ ತೆರೆದಿದ್ದ.

ವಾಪಸು ಬಸ್ಸಿನಲ್ಲಿ ಅರ್ಷಿಯಾ ಪುಸ್ತಕಕ್ಕೆ ಕೈ ಚಾಚಿದರೆ ಅತ್ತೆ ಕೊಡಲಿಲ್ಲ. "ತಾಳು. ಮೊದ್ಲು ನಾನು ನೋಡ್ತೀನಿ. ಆಮೇಲೆ ನೀನು ಓದು. ಎರಡೂ ಇರ್ಲಿ." ಕಿಟಕಿಯ ಬೆಳಕಿಗೆ ಪುಟ ಹಿಡಿದು ತಲೆ ವಾರೆ ಮಾಡಿ ನೋಡಿದರು. ಹಿಂದಿನ ಸೀಟಿನ ಹೆಂಗಸೊಬ್ಬಳು ಬಗ್ಗಿ ಇಣುಕುತ್ತಿದ್ದಳು.

"ಇವನಿಗೆ ಹಲ್ಲುನೋವು," ಅಂದರು ಖಾಜಾಬೀ. "ಕೂಗ್ತಿರೋದು ಅದಕ್ಕೆ."

ಚಿತ್ರದ ಮೇಲೆ ಕೆಂಪಕ್ಷರದಲ್ಲಿ ಬೇರೇನೋ ಅಚ್ಚಾಗಿತ್ತು. ಅರ್ಷಿಯಾ ಅದನ್ನು ಓದಲು ಹೋಗಲಿಲ್ಲ. ಅತ್ತೆಯ ಹೆಗಲಿಗೆ ಒರಗಿ ದೈತ್ಯನ ದವಡೆಯನ್ನೇ ನೋಡಿದಳು.

"ಯಾವ ಕಡೆ ಹಲ್ಲು ಅಮ್ಮೀ?"