ಹೊಳೆಗೆ ಹೋದ ಪದ್ಮಯ್ಯ

ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತು ಷಡಕ್ಷರಿ ಅಟ್ಟದೊಳಕ್ಕೆ ಟಾರ್ಚು ಬಿಟ್ಟ. ತಳ ಹೋದ ಕೊಪ್ಪರಿಗೆಗಳು, ಹಳೇ ತಕ್ಕಡಿ, ಎಲ್ಲದರ ಮೇಲೂ ದಪ್ಪನೆಯ ಧೂಳು. ಮೂಲೆಯಲ್ಲಿ ಮಾತ್ರ ಪೆಟ್ಟಿಗೆಯಗಲದಷ್ಟು ಹಲಗೆ ಧೂಳಿಲ್ಲದೆ ನುಣ್ಣಗಿತ್ತು.

“ಇಲ್ಲೇನಿತ್ತು?”

ಕೆಳಗೆ ನಿಂತಿದ್ದ ಗೊಮ್ಮಟೇಶ್ ಗೊಣಗಿದ. “ನಮ್ಮಣ್ಣ ಹೋಗಿದ್ದು ಹೊಳೇಲಿ ಸಾ. ಅಟ್ಟ ಹುಡುಕಿದ್ರೆ ಏನ್ ಸಿಕ್ತದೆ?”

ಷಡಕ್ಷರಿ ಬೆಂಗಳೂರಿನ ವಿಮಾ ಕಂಪನಿಯವನು. ಹೊಳೆನರಸೀಪುರದ ಪಾತ್ರೆ ವ್ಯಾಪಾರಿ ಪದ್ಮಯ್ಯ, ಮೊದಲ ಮಳೆಗೆ ಕೆಂಪಾಗಿದ್ದ ಹೇಮಾವತಿಗೆ ಸ್ನಾನಕ್ಕೆಂದು ಹೋದವನು ಹಿಂದಿರುಗಿರಲಿಲ್ಲ. ಮಡಿಸಿಟ್ಟ ಪಂಚೆ, ಷರಟು, ಚಪ್ಪಲಿ ದಡದಲ್ಲಿ ಸಿಕ್ಕವು, ಹೆಣ ಸಿಗಲಿಲ್ಲ. ತಮ್ಮ ಗೊಮ್ಮಟೇಶ್ ಅತ್ತಿಗೆಯ ರುಜು ಹಾಕಿಸಿ ವಿಮೆಯ ಹಣಕ್ಕೆ ಬರೆದಿದ್ದ. ರುಜುವೇನೋ ಹಾಕಿದ್ದಳು ಅನಂತಮ್ಮ, ಆದರೆ ಹೆಣ ಕಾಣುವ ತನಕ ಬಳೆ ತೆಗೆಯುವುದಿಲ್ಲ ಎಂದು ಕೂತಿದ್ದಳು. ಷಡಕ್ಷರಿಯನ್ನು ಕೆಣಕಿದ್ದು ಆ ಬಳೆಗಳೇ.

ಮಧ್ಯಾಹ್ನ ಗೊಮ್ಮಟೇಶ್ ಅಂಗಡಿಗೆ ಹೋದ ಮೇಲೆ ಅವಳು ತಾನಾಗಿಯೇ ಜಗಲಿಗೆ ಬಂದು ಕಂಬದ ಪಕ್ಕ ನಿಂತಳು.

“ಅಟ್ಟದಲ್ಲಿ ಅವ್ರ ಹಾರ್ಮೋನಿಯಂ ಇತ್ತು ಸಾರ್. ಮದ್ವೆಗೆ ಮುಂಚೆ ನುಡಿಸ್ತಿದ್ರಂತೆ. ನಮ್ಮತ್ತೆ ಬೇಡ ಅಂತ ಮೇಲಕ್ಕೆ ಹಾಕ್ಸಿದ್ರು.”

“ಯಾವಾಗಿಂದ ಕಾಣ್ತಿಲ್ಲ?”

“ಅವ್ರು ಹೊಳೆಗೆ ಹೋದ ದಿವ್ಸದಿಂದ.”

“ಪೊಲೀಸಿನವರಿಗೆ ಹೇಳಲಿಲ್ಲವೇ?”

“ಗಂಡ ಸತ್ತೋಳಿಗೆ ಮನೇಲಿ ಒಂದು ಮೂಲೆ ಇರ್ತದೆ. ಗಂಡ ಬಿಟ್ಟೋದೋಳಿಗೆ ಏನಿರ್ತದೆ?”

“ಮತ್ತೆ ನನಗ್ಯಾಕೆ ಹೇಳ್ತಿದ್ದೀರಿ?”

“ನಂಗೆ ಗೊತ್ತಾಗ್ಬೇಕು.”

ಆ ದಿನಗಳಲ್ಲಿ ಊರಿನಲ್ಲಿ ಒಂದು ನಾಟಕ ಕಂಪನಿ ಬೀಡುಬಿಟ್ಟಿತ್ತು. ಪದ್ಮಯ್ಯ ಕಾಣೆಯಾದ ದಿನವೇ ಅದು ಅರಕಲಗೂಡಿಗೆ ಸಾಮಾನು ಸಾಗಿಸಿತ್ತು ಎಂದು ಗಾಡಿಯವರು ಹೇಳಿದರು. ಷಡಕ್ಷರಿ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಅಲ್ಲಿಗೆ ಹೋದ.

ತಗಡಿನ ನಾಟಕಶಾಲೆಯಲ್ಲಿ ತಾಲೀಮು ನಡೆದಿತ್ತು. ಮೀಸೆ ಬೋಳಿಸಿದ ಒಬ್ಬ ಕಣ್ಣು ಮುಚ್ಚಿ ಹಾರ್ಮೋನಿಯಂ ನುಡಿಸುತ್ತಿದ್ದ. ಹಾಡು ನಿಂತ ಮೇಲೆ ಷಡಕ್ಷರಿ ಹಿಂದಿನಿಂದ ಮೆಲ್ಲಗೆ, “ಪದ್ಮಯ್ಯನೋರೇ,” ಎಂದ. ಅವನು ತಟ್ಟನೆ ತಿರುಗಿದ. ತಿರುಗಿದ ಮೇಲೆ ಅವನ ಮುಖ ಬಿಳಿಚಿಕೊಂಡಿತು.

“ಸತ್ತೋದ ಅಂತ್ಲೇ ಬರ್ದ್ಬುಡಿ ಸಾ,” ಎಂದ ಕೊನೆಗೆ. “ಅವ್ಳ ಅನ್ನಕ್ಕೆ ದಾರಿ ಆಯ್ತದೆ. ನಾ ಆ ಅಂಗ್ಡೀಲಿ ಕೂತು ದಿನಾ ಸಾಯ್ತಿದ್ದೆ.”

“ಅವರು ಇನ್ನೂ ಬಳೆ ತೆಗೆದಿಲ್ಲ.”

ಪದ್ಮಯ್ಯನ ಬೆರಳು ಹಾರ್ಮೋನಿಯಂನ ಒಂದು ಸ್ವರದ ಮನೆಯ ಮೇಲೆ ಒತ್ತಿಕೊಂಡೇ ಇತ್ತು. ತಿದಿಯಲ್ಲಿ ಗಾಳಿ ಇಲ್ಲದೆ ದನಿ ಹೊರಡಲಿಲ್ಲ.

ಷಡಕ್ಷರಿ ವಿಮಾ ಕಂಪನಿಗೆ ಇದ್ದದ್ದನ್ನು ಇದ್ದಂತೆ ಬರೆದ. ಅನಂತಮ್ಮನಿಗೆ ತಾನೇ ಹೇಳಬೇಕೆನ್ನಿಸಿ ಹೊಳೆನರಸೀಪುರದಲ್ಲಿ ಇಳಿದ. ಅಳುತ್ತಾಳೆ, ಇಲ್ಲವೇ ಶಪಿಸುತ್ತಾಳೆ ಎಂದುಕೊಂಡಿದ್ದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಚೆನ್ನಾಗಿ ನುಡಿಸ್ತಾರಾ?” ಎಂದಳು.

“ನನಗೆ ಸಂಗೀತ ತಿಳಿಯದಮ್ಮಾ. ಆದರೆ ಅವರು ಶುರುಮಾಡಿದ ಮೇಲೆ ಅಲ್ಲಿ ಯಾರೂ ಮಾತಾಡಲಿಲ್ಲ.”

“ಇಷ್ಟು ವರ್ಷ ಸಂಸಾರ ಮಾಡಿದೀನಿ. ಒಂದ್ಸಲಾನೂ ಕೇಳಿಲ್ಲ.”

ಒಳಗೆ ಹೋದವಳು ಸೀರೆ ಬದಲಿಸಿ ಬಂದಳು. ಗೊಮ್ಮಟೇಶ್ ಬಾಗಿಲಿಗೆ ಅಡ್ಡ ನಿಂತ. “ಅತ್ಗೆ, ಊರೋರ ಮುಂದೆ ನಮ್ಮ ಮಾನ ಕಳೀಬೇಡಿ. ಅಂಥೋನ ಹಿಂದೆ ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡಿ.”

“ಸರಿ ಕಣಪ್ಪ. ಜರುಗು.”

ಅರಕಲಗೂಡಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಹಾದಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಸಿಕ್ಕಿದ ಮೇಲೆ ಗಂಡನಿಗೆ ಏನು ಹೇಳುತ್ತಾಳೆಂದು ಷಡಕ್ಷರಿಗೆ ಕೇಳುವ ಆಸೆಯಾಯಿತು.

ನಾಟಕಶಾಲೆಯಲ್ಲಿ ಪದ್ಮಯ್ಯ ಅವರಿಗೆ ಬೆನ್ನು ಮಾಡಿ ಕೂತಿದ್ದ. ನಟಿಯೊಬ್ಬಳಿಗೆ ಶ್ರುತಿ ಕೊಡುತ್ತ, ಅವಳ ದನಿ ಜಾರಿದಲ್ಲಿ ನಕ್ಕು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಆ ನಗುವನ್ನು ಅನಂತಮ್ಮ ತಲೆ ಓರೆ ಮಾಡಿ ಕೇಳಿದಳು. ಷಡಕ್ಷರಿ ಕರೆಯಲೆಂದು ಒಂದು ಹೆಜ್ಜೆ ಇಟ್ಟ.

“ಕರೀಬೇಡಿ,” ಎಂದಳು ಅವಳು. “ಹಾಡು ಮುಗೀಲಿ.”

ಗೋಡೆಗೆ ಒರಗಿಸಿದ್ದ ಮಡಿಸುವ ಕುರ್ಚಿಯೊಂದನ್ನು ತಾನೇ ಬಿಡಿಸಿ, ಸೆರಗಿನಿಂದ ಒರೆಸಿ, ಖಾಲಿ ಸಾಲಿನ ನಡುವೆ ಹಾಕಿಕೊಂಡು ಕೂತಳು.